ಹಣ್ಣಾಗದ ಟೊಮೆಟೊ ಬೆಳೆಸಿ, ಹಣ್ಣಾಗುವ ಬಗೆ ಕಲಿಯಿರಿ

ಕಾಯಿ ಹೇಗೆ ಹಣ್ಣಾಗುತ್ತದೆ ಎಂದು ತಿಳಿಯಬೇಕಾದರೆ, ಹಣ್ಣಾಗಲು ಒಲ್ಲದ ಗಿಡವನ್ನೇ ಬೆಳೆಸಿ ನೋಡಬೇಕು. ಟೊಮೆಟೊದಲ್ಲಿ ಅಂಥ ತಳಿಗಳಿವೆ. 1968ರಲ್ಲಿ ವರದಿಯಾದ 'ರಿನ್' ಅವುಗಳಲ್ಲಿ ಹೆಸರುವಾಸಿ. ಇದರ ಕಾಯಿ ವಾರಗಟ್ಟಲೆ ಇಟ್ಟರೂ ಕೆಂಪಾಗುವುದಿಲ್ಲ, ಮೆತ್ತಗಾಗುವುದಿಲ್ಲ. ನಿಂಬೆ ಹಳದಿಗೆ ಬಂದು ನಿಂತುಬಿಡುತ್ತದೆ. ಎಂಎಸ್ಸಿ ಪ್ರಾಜೆಕ್ಟ್‌ಗೆ ಇದು ಬಹಳ ಒಳ್ಳೆಯ ವಿಷಯ.

ಮೊದಲು ಬೀಜ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಚಾರ್ಲ್ಸ್ ರಿಕ್ ಹೆಸರಿನ ಟೊಮೆಟೊ ತಳಿಭಂಡಾರವಿದೆ. ನಿಮ್ಮ ಸಂಸ್ಥೆಯ ಮೂಲಕ ಕೇಳಿ. ತರಿಸಲು ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯಾದ ಎನ್‌ಬಿಪಿಜಿಆರ್‌ನ ಪರ್ಮಿಟ್ ಬೇಕು, ಕ್ವಾರಂಟೈನ್ ಕೂಡ ಇದೆ. ಹಾಗಾಗಿ ತುಂಬಾ ಮೊದಲೇ ಅರ್ಜಿ ಹಾಕಿ. 'ಐಲ್ಸಾ ಕ್ರೇಗ್' ತಳಿಗೆ ರಿನ್ ಗುಣ ಸೇರಿಸಿದ ಗಿಡದ ಬೀಜ ಮತ್ತು ಸಾದಾ ಐಲ್ಸಾ ಕ್ರೇಗ್ ಬೀಜ, ಎರಡನ್ನೂ ತರಿಸಿ. ಬೇರೆ ಯಾವುದೋ ತಳಿಯ ಜೊತೆ ಹೋಲಿಸಿದರೆ, ಕಂಡ ವ್ಯತ್ಯಾಸ ಯಾವ ಜೀನಿನದು ಅಂತ ಹೇಳಲು ಆಗುವುದಿಲ್ಲ ಅಲ್ವಾ?

ಹೂ ಬಿಟ್ಟ ಕೂಡಲೇ ಸೀಪಲ್, ಅಂದರೆ ಹೂವಿನ ಬುಡದ ಹಸಿರು ಎಸಳು ನೋಡಿ. ರಿನ್‌ನಲ್ಲಿ ಅವು ಎದ್ದು ಕಾಣುವಷ್ಟು ಉದ್ದ. ಡಿಎನ್‌ಎಯ ಒಂದು ತುಂಡು ಕಳಚಿಹೋಗಿ, ಹಣ್ಣಾಗಿಸುವ ಜೀನು ಪಕ್ಕದ ಸೀಪಲ್ ಜೀನಿನೊಂದಿಗೆ ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ. ಕಾಯಿ ಕಟ್ಟುವ ಮೊದಲೇ ಗಿಡ ಗುರುತಿಸಬಹುದು!

ಪ್ರತಿ ಹೂವಿಗೂ ಅರಳಿದ ತಾರೀಖಿನ ಚೀಟಿ ಕಟ್ಟಿ. ಇದನ್ನು ಬಿಟ್ಟರೆ ಇಡೀ ಕೆಲಸ ವ್ಯರ್ಥ. ಸಾದಾ ಕಾಯಿ ಸುಮಾರು 40 ದಿನಕ್ಕೆ ಬಣ್ಣ ತಿರುಗುತ್ತದೆ, ಬಿಸಿಲು ಚಳಿಗೆ ತಕ್ಕಂತೆ ಹಿಂದೆಮುಂದೆ ಆಗುತ್ತದೆ. ರಿನ್ ಬಣ್ಣ ತಿರುಗುವುದೇ ಇಲ್ಲ. ಎರಡರ ವಯಸ್ಸು ಹೊಂದಿಸಲು ಚೀಟಿಯೇ ಗತಿ.

ಬಲಿತ ಹಸಿರು ಕಾಯಿಗಳನ್ನು ಮಾಗಿದ ಬಾಳೆಹಣ್ಣಿನ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ಬಾಳೆಹಣ್ಣಿನ ಎಥಿಲೀನ್ ಅನಿಲಕ್ಕೆ ಸಾದಾ ಕಾಯಿ ಕೆಂಪಾಗುತ್ತದೆ, ರಿನ್ ಆಗುವುದಿಲ್ಲ. 'ನೆವರ್ ರೈಪ್' ತಳಿಯೂ ಜಗ್ಗುವುದಿಲ್ಲ, ಆದರೆ ಕಾರಣವೇ ಬೇರೆ. ಅದರಲ್ಲಿ ಎಥಿಲೀನ್ ಗ್ರಹಿಸುವ ಪ್ರೋಟೀನೇ ಕೆಟ್ಟಿದೆ.

ಆಮೇಲೆ ರಿನ್ ಮತ್ತು ಸಾದಾ ಐಲ್ಸಾ ಕ್ರೇಗ್ ಎರಡನ್ನೂ ಕ್ರಾಸ್ ಮಾಡಿ. ಮೊದಲ ಪೀಳಿಗೆಯ ಹಣ್ಣು ನಿಧಾನವಾಗಿ ಮಾಗುತ್ತದೆ, ಜಾಸ್ತಿ ದಿನ ಕೆಡದೆ ಉಳಿಯುತ್ತದೆ. ಬಾಳಿಕೆ ಬರುವ ಹಲವು ಹೈಬ್ರಿಡ್‌ಗಳ ಗುಟ್ಟು ಇದೇ. ಎರಡನೇ ಪೀಳಿಗೆಯಲ್ಲಿ ಸುಮಾರು ಕಾಲುಭಾಗ ಗಿಡಗಳ ಕಾಯಿ ಹಣ್ಣಾಗುವುದಿಲ್ಲ.

ವರದಿಯಲ್ಲಿ 'ಜೀನು ಇಲ್ಲ, ಅದಕ್ಕೇ ಹಣ್ಣಾಗಲಿಲ್ಲ' ಎಂದು ಸುಮ್ನೆ ಬರೆಯಬೇಡಿ. 2017ರಲ್ಲಿ ಜಪಾನಿನ ವಿಜ್ಞಾನಿಗಳು ಜೀನು ತಿದ್ದುವ ಕ್ರಿಸ್ಪರ್ ತಂತ್ರದಿಂದ ಸಾದಾ ಗಿಡದ ಆ ಜೀನನ್ನು ಕೆಡಿಸಿದಾಗ, ಕಾಯಿ ಪೂರ್ತಿ ಅಲ್ಲದಿದ್ದರೂ ಬಣ್ಣ ತಿರುಗಿತು. ಅಂದರೆ ರಿನ್‌ನಲ್ಲಿ ಬೆಸೆದುಕೊಂಡ ಪ್ರೋಟೀನೇ ಅಡ್ಡ ನಿಂತಿದೆ.

ಹಣ್ಣಾಗದಿದ್ದರೂ ರಿನ್ ಬೀಜ ಮೊಳೆಯುತ್ತದೆ. ಸ್ವಪರಾಗಸ್ಪರ್ಶದ ಕಾಯಿಯಿಂದಲೇ ತೆಗೆದು, ಒಣಗಿಸಿ, ತಳಿಯ ನಂಬರ್ ಬರೆದು ಮುಂದಿನ ಬ್ಯಾಚ್‌ಗೆ ಎತ್ತಿಡಿ.