ಮೂವತ್ತೆರಡು ಕೌಂಟರ್‌ಗಳನ್ನು ಹಂಚಿದ ಬಗೆ: ಮೆಮೊರಿ ಬ್ಯಾಂಡ್‌ವಿಡ್ತ್ ಅಳೆದ ನನ್ನ ಅನುಭವ

ನೂರಾರು ಕಂಟೇನರ್‌ಗಳು (ಒಂದರಿಂದೊಂದು ಬೇರ್ಪಡಿಸಿ ಓಡಿಸುವ ಪ್ರೋಗ್ರಾಂಗಳು) ಓಡುವ ಸರ್ವರ್‌ನಲ್ಲಿ ಮೆಮೊರಿ ಬ್ಯಾಂಡ್‌ವಿಡ್ತನ್ನು, ಅಂದರೆ ಮೆಮೊರಿಗೂ ಪ್ರೊಸೆಸರ್‌ಗೂ ನಡುವೆ ಸೆಕೆಂಡಿಗೆ ಓಡಾಡಬಲ್ಲ ದತ್ತಾಂಶದ ಪಾಲನ್ನು, ಯಾವುದು ನುಂಗುತ್ತಿದೆ ಎಂದು ಕಂಡುಹಿಡಿಯಲು ಸಿಪಿಯು ಬಳಕೆಯ ಅಂಕಿ ಸಾಲದು. ಮೆಮೊರಿಯಿಂದ ದತ್ತಾಂಶ ಬರಲಿ ಎಂದು ಕೈಕಟ್ಟಿ ಕಾಯುತ್ತಿರುವ ಕೋರ್ ಕೂಡ ಆ ಅಂಕಿಯಲ್ಲಿ ದುಡಿಯುತ್ತಿರುವ ಕೋರ್‌ನಂತೆಯೇ ಕಾಣುತ್ತದೆ. ನಾನು ನೋಡಿಕೊಳ್ಳುವ ಎಎಂಡಿ ಕಂಪನಿಯ ಎಪಿಕ್ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಈ ಲೆಕ್ಕಕ್ಕೆ ಲಿನಕ್ಸ್ ಕರ್ನಲ್‌ನ ರೆಸ್‌ಕಂಟ್ರೋಲ್ (resctrl) ಎಂಬ ಕಡತ ವ್ಯವಸ್ಥೆಯನ್ನೇ ನೆಚ್ಚಿಕೊಂಡಿದ್ದೇನೆ. ಅದನ್ನು ಮೌಂಟ್ ಮಾಡಿ, ಒಂದು ಫೋಲ್ಡರ್ ಸೃಷ್ಟಿಸಿ, ಅದರೊಳಗಿನ ಟಾಸ್ಕ್ಸ್ ಕಡತಕ್ಕೆ ಥ್ರೆಡ್‌ಗಳ (ಪ್ರೋಗ್ರಾಂ ಒಳಗೆ ಓಡುವ ಎಳೆಗಳ) ಸಂಖ್ಯೆಗಳನ್ನು ಬರೆದರೆ ಒಟ್ಟಾಗಿ ಅಳೆಯಬೇಕಾದವುಗಳ ಗುಂಪು ಸಿದ್ಧ. ಒಂದು ಎಚ್ಚರಿಕೆ: ಆ ಕಡತಕ್ಕೆ ಬರೆದ ಸಂಖ್ಯೆ ಆ ಒಂದು ಥ್ರೆಡ್ಡನ್ನು ಮಾತ್ರ ಗುಂಪಿಗೆ ಸೇರಿಸುತ್ತದೆ. ಆಮೇಲೆ ಹುಟ್ಟುವ ಮಕ್ಕಳು ತಾವಾಗಿ ಬರುತ್ತವೆ, ಮೊದಲೇ ಇದ್ದ ಒಡಹುಟ್ಟಿದ ಥ್ರೆಡ್‌ಗಳು ಬರುವುದಿಲ್ಲ. ಅವನ್ನು ಒಂದೊಂದಾಗಿ ಬರೆಯಬೇಕು.

ಒಳಗಿನ ವ್ಯವಸ್ಥೆ ಸರಳ. ಪ್ರತಿ ಗುಂಪಿಗೂ ಕರ್ನಲ್ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಅದಕ್ಕೆ ಆರ್‌ಎಂಐಡಿ ಎನ್ನುತ್ತಾರೆ. ಕೋರ್ ಮೇಲೆ ಥ್ರೆಡ್ ಬದಲಾದಾಗ ಗುರುತೂ ಬೇರೆಯಾಗಿದ್ದರೆ ಹೊಸದನ್ನು ಪ್ರೊಸೆಸರ್‌ನ ಒಂದು ರಿಜಿಸ್ಟರ್‌ಗೆ ಬರೆಯುತ್ತದೆ. ಎಲ್3 ಕ್ಯಾಶ್ (ಕೋರ್‌ಗಳು ಹಂಚಿಕೊಳ್ಳುವ ವೇಗದ ಸಣ್ಣ ಮೆಮೊರಿ) ಮತ್ತು ಮುಖ್ಯ ಮೆಮೊರಿಯ ನಡುವಿನ ಓಡಾಟವನ್ನು ಆ ಗುರುತಿನ ಹೆಸರಿನಲ್ಲಿ ಎಣಿಸುವ ಕೆಲಸ ಹಾರ್ಡ್‌ವೇರ್‌ನದು. ಅಡಚಣೆ ಸಂಕೇತಗಳ (ಇಂಟರಪ್ಟ್‌ಗಳ) ಗೋಜಿಲ್ಲದಿರುವುದರಿಂದ ಅಳತೆಯ ಹೊರೆ ನಗಣ್ಯ. ಹೀಗೆ ಎಣಿಸುವ ಹಾರ್ಡ್‌ವೇರ್ ಕೌಂಟರ್ ತುಂಬಿ ಮತ್ತೆ ಮೊದಲಿನಿಂದ ಎಣಿಸತೊಡಗಿದರೂ ಚಿಂತೆಯಿಲ್ಲ: ಕರ್ನಲ್ ಸೆಕೆಂಡಿಗೊಮ್ಮೆ ತಾನೇ ಓದಿ ವ್ಯತ್ಯಾಸವನ್ನು 64 ಬಿಟ್‌ನ ಮೊತ್ತಕ್ಕೆ ಸೇರಿಸಿಡುತ್ತದೆ.

ತೊಡಕು ಇರುವುದು ಸಂಖ್ಯೆಯಲ್ಲಿ. ಗುರುತುಗಳು ನೂರಾರು ಇರಬಹುದು; ಎಣಿಸುವ ಕೌಂಟರ್‌ಗಳು ಅಷ್ಟಿಲ್ಲ. ಹಳೆಯ ವಿಧಾನದಲ್ಲಿ ಯಾವ ಗುರುತಿಗೆ ಕೌಂಟರ್ ಕೊಡಬೇಕು, ಯಾವುದರಿಂದ ಕಿತ್ತುಕೊಳ್ಳಬೇಕು ಎಂಬುದನ್ನು ಹಾರ್ಡ್‌ವೇರ್ ತಾನೇ ನಿರ್ಧರಿಸುತ್ತದೆ. ಕಿತ್ತುಕೊಂಡಾಗ ಆವರೆಗಿನ ಎಣಿಕೆ ಹೋಯಿತು. ಓದಲು ಹೋದರೆ ‘ಅನ್‌ಅವೈಲಬಲ್’ ಎಂಬ ಪದ ಸಿಗುತ್ತದೆ. ಮತ್ತೆ ಕೌಂಟರ್ ಸಿಕ್ಕಿದರೆ ಲೆಕ್ಕ ಸೊನ್ನೆಯಿಂದ ಶುರು. ಎರಡು ಓದುಗಳ ನಡುವೆ ಹೀಗಾಗಿ ಹೋದರೆ ಬಂದ ಸಂಖ್ಯೆ ನೋಡಲು ಸಾಚಾ, ಒಳಗೆ ಟೊಳ್ಳು. ನಾನು ಕಂಡ ಹಲವು ಮಾನಿಟರಿಂಗ್ ಸ್ಕ್ರಿಪ್ಟ್‌ಗಳು ಆ ಪದವನ್ನು ಸೊನ್ನೆಯೆಂದೇ ಓದಿ ನಕ್ಷೆ ಬಿಡಿಸುತ್ತವೆ. ‘ಗೊತ್ತಿಲ್ಲ’ ಎಂಬ ಉತ್ತರವನ್ನು ‘ಏನೂ ಬಳಸಿಲ್ಲ’ ಎಂದು ತೋರಿಸುವ ನಕ್ಷೆಗಿಂತ ನಕ್ಷೆಯೇ ಇಲ್ಲದಿರುವುದು ಮೇಲು.

2025ರ ಕೊನೆಯಲ್ಲಿ ಬಂದ ಲಿನಕ್ಸ್ 6.18 ಈ ನಿರ್ಧಾರವನ್ನು ನಮ್ಮ ಕೈಗೆ ಕೊಟ್ಟಿತು. ಎಎಂಡಿಯವರು ಎಬಿಎಂಸಿ (ಹಂಚಿಕೊಡಬಹುದಾದ ಬ್ಯಾಂಡ್‌ವಿಡ್ತ್ ಕೌಂಟರ್‌ಗಳು) ಎಂದು ಕರೆಯುವ ಈ ಸೌಲಭ್ಯದಲ್ಲಿ ಯಾವ ಗುಂಪಿನ ಯಾವ ಈವೆಂಟ್‌ಗೆ (ಎಣಿಸಬೇಕಾದ ಓಡಾಟದ ಬಗೆಗೆ) ಕೌಂಟರ್ ಕಟ್ಟಬೇಕೆಂದು ನಾವೇ ಹೇಳುತ್ತೇವೆ. ನಾವು ಬಿಡಿಸುವವರೆಗೆ ಅದು ಅಲ್ಲೇ ಇರುತ್ತದೆ. ಪ್ರತಿ ಗುಂಪಿನ ಫೋಲ್ಡರ್‌ನಲ್ಲೂ ಇದಕ್ಕೊಂದು ಅಸೈನ್‌ಮೆಂಟ್ಸ್ ಕಡತವಿದೆ. ಈವೆಂಟ್ ಹೆಸರು, ಕೋಲನ್, ಡೊಮೇನ್ (ಒಂದು ಎಲ್3 ಕ್ಯಾಶನ್ನು ಹಂಚಿಕೊಳ್ಳುವ ಕೋರ್‌ಗಳ ಕೂಟ) ಸಂಖ್ಯೆ, ಸಮ ಚಿಹ್ನೆ, ಕೊನೆಗೆ ಇಂಗ್ಲಿಷಿನ ‘ಇ’ ಅಕ್ಷರ ಬರೆದರೆ ಕೌಂಟರ್ ಕಟ್ಟಿದಂತೆ. ‘ಇ’ ಬದಲು ಅಡಿಗೆರೆ ಹಾಕಿದರೆ ಬಿಚ್ಚಿದಂತೆ. ಕೌಂಟರ್ ಇಲ್ಲದ ಈವೆಂಟನ್ನು ಓದಿದರೆ ‘ಅನ್‌ಅಸೈನ್ಡ್’ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ನಮ್ಮ ಯಂತ್ರಗಳಲ್ಲಿ ಡೊಮೇನ್‌ಗೆ 32 ಕೌಂಟರ್. ಪ್ರತಿ ಗುಂಪಿಗೂ ಟೋಟಲ್ (ಒಟ್ಟು ಓಡಾಟ), ಲೋಕಲ್ (ಹತ್ತಿರದ ಮೆಮೊರಿಯ ಕೆಲವು ಬಗೆಯ ಓಡಾಟ) ಎಂಬ ಎರಡು ಈವೆಂಟ್‌ಗಳಿರುವುದರಿಂದ 16 ಗುಂಪುಗಳಿಗೆ ಎಲ್ಲ ಮುಗಿಯಿತು. ಹೊಸ ಗುಂಪು ಹುಟ್ಟಿದೊಡನೆ ಎರಡೂ ಈವೆಂಟ್‌ಗಳಿಗೆ ಕರ್ನಲ್ ತಾನಾಗಿ ಕೌಂಟರ್ ಕಟ್ಟುವ ಏರ್ಪಾಡೂ ಇದೆ. ನಾನು ಮೊದಲು ಆರಿಸಿದ್ದು ಅದನ್ನೇ. ಮೊದಲು ಹುಟ್ಟಿದವರಿಗೆ ಎಲ್ಲವೂ, ಆಮೇಲೆ ಬಂದವರಿಗೆ ಬರಿಗೈ ಎಂಬ ನ್ಯಾಯ ಅದರದು. ಕೌಂಟರ್ ಸಿಗದಿದ್ದರೂ ಗುಂಪಂತೂ ಹುಟ್ಟುತ್ತದೆ. ದೂರು ಹೇಳುವವರಿಲ್ಲದ ಕಾರಣ ಕೊರತೆ ಸುಮ್ಮನೆ ಅಡಗಿರುತ್ತದೆ.

ನನಗೆ ದಾರಿ ತೆರೆದದ್ದು ‘ಡೊಮೇನ್‌ಗೆ 32 ಕೌಂಟರ್’ ಎಂದೆನಲ್ಲ, ಅಲ್ಲಿನ ‘ಡೊಮೇನ್‌ಗೆ’ ಎಂಬ ಮಾತು. ಇಂಟೆಲ್ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಸಾಕೆಟ್‌ಗೆ (ಪ್ರೊಸೆಸರ್ ಕೂರುವ ಜಾಗಕ್ಕೆ) ಒಂದು ಎಲ್3 ಡೊಮೇನ್. ಎಪಿಕ್‌ನಲ್ಲಿ ಹಾಗಲ್ಲ. ಎಲ್3 ಕ್ಯಾಶ್ ತುಂಡುತುಂಡಾಗಿದೆ. ನಮ್ಮಲ್ಲಿ ಎಂಟೆಂಟು ಕೋರ್‌ಗಳಿಗೆ ಒಂದು ತುಂಡು, ತುಂಡಿಗೊಂದು ಡೊಮೇನ್, ಪ್ರತಿ ಡೊಮೇನ್‌ಗೂ ಅದರದೇ 32 ಕೌಂಟರ್. ಒಂದು ಕಂಟೇನರನ್ನು ಸಿಪಿಯುಸೆಟ್ (ಯಾವ ಕೋರ್‌ಗಳಲ್ಲಿ ಓಡಬಹುದೆಂಬ ಪಟ್ಟಿ) ಮೂಲಕ ಎಂಟು ಕೋರ್‌ಗಳಿಗೆ ಕಟ್ಟಿಹಾಕಿದರೆ ಉಳಿದ ಡೊಮೇನ್‌ಗಳಲ್ಲಿ ಅದು ಕಾಲಿಡುವುದೇ ಇಲ್ಲ. ಹಾಗಿದ್ದ ಮೇಲೆ ಅಲ್ಲೆಲ್ಲ ಅದರ ಹೆಸರಿನಲ್ಲಿ ಕೌಂಟರ್ ಯಾಕೆ? ತಾನಾಗಿ ಹಂಚುವ ಏರ್ಪಾಡನ್ನು ನಿಲ್ಲಿಸಿ, ಕಂಟೇನರ್‌ನ ಸಿಪಿಯುಸೆಟ್ ಓದಿ, ಆ ಕೋರ್‌ಗಳು ಯಾವ ಎಲ್3ಗೆ ಸೇರಿವೆಯೆಂದು ನೋಡಿ, ಅಲ್ಲಿ ಮಾತ್ರ ಕೌಂಟರ್ ಕಟ್ಟುವ ಸಣ್ಣ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಬರೆದೆ. ಎಂಟು ಕೋರ್‌ಗಳ ಮೇಲೆ ಹದಿನಾರಕ್ಕಿಂತ ಹೆಚ್ಚು ಕಟ್ಟಿಹಾಕಿದ ಕಂಟೇನರ್‌ಗಳು ನಮ್ಮಲ್ಲಿ ವಿರಳ. ಕೊರತೆಯ ಬಹುಪಾಲು ಹೀಗೆಯೇ ಕರಗಿತು.

ಉಳಿದವು ಎಲ್ಲೆಂದರಲ್ಲಿ ಓಡುವ ಬ್ಯಾಚ್ ಕೆಲಸಗಳು. ಇವುಗಳಿಗಾಗಿ ಪ್ರತಿ ಡೊಮೇನ್‌ನಲ್ಲೂ ಎಂಟು ಕೌಂಟರ್‌ಗಳನ್ನು ಬೇರೆ ತೆಗೆದಿಟ್ಟಿದ್ದೇನೆ. ಅವು ಸರದಿಯ ಮೇಲೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಒಬ್ಬರ ಬಳಿ ಹತ್ತು ಸೆಕೆಂಡು. ಹೊಸದಾಗಿ ಕಟ್ಟಿದ ಕೌಂಟರ್‌ನ ಮೊದಲ ಓದನ್ನು ಬುನಾದಿಯಾಗಿ ಮಾತ್ರ ಇಟ್ಟುಕೊಂಡು ಎರಡನೆಯದರಿಂದ ವ್ಯತ್ಯಾಸ ತೆಗೆಯುತ್ತೇನೆ. ಸಂಖ್ಯೆಯ ಬದಲು ಪದ ಬಂದರೆ ಆ ಮಾದರಿಯನ್ನೇ ಕೈಬಿಡುತ್ತೇನೆ. ಸರದಿಯಲ್ಲಿ ಸಿಕ್ಕ ಅಂಕಿಯನ್ನು ಸೆಕೆಂಡಿಗೆ ಇಷ್ಟು ಎಂದು ತೋರಿಸುತ್ತೇನೆಯೇ ಹೊರತು ದಿನದ ಮೊತ್ತಕ್ಕೆ ಎಂದೂ ಸೇರಿಸುವುದಿಲ್ಲ. ಸೇರಿಸಿದರೆ ಆಳುಗಳನ್ನು ಹತ್ತು ನಿಮಿಷ ನೋಡಿ ಇಡೀ ದಿನದ ಕೂಲಿ ಬರೆದಂತಾದೀತು.

ಟೋಟಲ್‌ನಿಂದ ಲೋಕಲನ್ನು ಕಳೆದರೆ ಬೇರೆ ನೂಮಾ ನೋಡ್‌ನ (ಕೆಲವು ಕೋರ್‌ಗಳೂ ಅವಕ್ಕೆ ಹತ್ತಿರದ ಮೆಮೊರಿಯೂ ಸೇರಿದ ಘಟಕದ) ಮೆಮೊರಿಗೆ ಹೋದ ಓಡಾಟ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಎಎಂಡಿಯಲ್ಲಿ ಅದು ನಿಜವಲ್ಲ. ಪ್ರತಿ ಈವೆಂಟ್‌ಗೂ ಫಿಲ್ಟರ್ ಕಡತವೊಂದಿದೆ. ಏನನ್ನೆಲ್ಲ ಎಣಿಸುತ್ತದೆಂಬ ಪಟ್ಟಿ ಅದರಲ್ಲಿದೆ. ಮೂಲ ಸ್ಥಿತಿಯಲ್ಲಿ ಲೋಕಲ್ ಎಂದರೆ ಹತ್ತಿರದ ಮೆಮೊರಿಯ ಓದು, ಕ್ಯಾಶನ್ನು ಬಳಸಿಕೊಂಡು ಹೋಗದ ನಾನ್‌ಟೆಂಪೊರಲ್ ಬರಹ, ಹತ್ತಿರದ ನಿಧಾನ ಮೆಮೊರಿಯ ಓದು, ಇಷ್ಟೇ. ಸಾಮಾನ್ಯ ಬರಹ ಕ್ಯಾಶ್‌ನಲ್ಲಿ ಕೂತಿದ್ದು ಜಾಗ ಖಾಲಿ ಮಾಡುವಾಗ ಮೆಮೊರಿಗೆ ಇಳಿಯುತ್ತದಲ್ಲ, ಆ ‘ಡರ್ಟಿ ವಿಕ್ಟಿಮ್’ ಎಂಬ ಬಗೆ ಟೋಟಲ್‌ನಲ್ಲಿ ಮಾತ್ರ ಎಣಿಕೆಗೆ ಬರುತ್ತದೆ. ಆದ್ದರಿಂದ ಹೆಚ್ಚು ಬರೆಯುವ ಪ್ರೋಗ್ರಾಂ ತನ್ನ ನೋಡ್ ಬಿಟ್ಟು ಕದಲದಿದ್ದರೂ ಆ ವ್ಯವಕಲನದಲ್ಲಿ ದೂರದ ಮೆಮೊರಿಯನ್ನು ಹಿಂಡುತ್ತಿರುವಂತೆ ಕಾಣುತ್ತದೆ.

ನಾನು ಆ ಫಿಲ್ಟರನ್ನೇ ತಿದ್ದಿದೆ. ಎರಡನೆಯ ಈವೆಂಟ್ ಆದ ಲೋಕಲ್‌ನ ಪಟ್ಟಿಯಲ್ಲಿ ಡರ್ಟಿ ವಿಕ್ಟಿಮ್ ಒಂದನ್ನೇ ಉಳಿಸಿದ್ದರಿಂದ ಕ್ಯಾಶ್‌ನಿಂದ ಇಳಿಯುವ ಬರಹದ ಪಾಲು ಬೇರೆಯಾಗಿ ಸಿಗುತ್ತದೆ, ಟೋಟಲ್ ಎಂದಿನಂತೆ ಇದೆ. ಇದರ ಇಕ್ಕಟ್ಟು ಎರಡು. ಫಿಲ್ಟರ್ ಎಲ್ಲ ಗುಂಪುಗಳಿಗೂ ಒಂದೇ. ಒಬ್ಬರಿಗೆ ಹೀಗೆ, ಇನ್ನೊಬ್ಬರಿಗೆ ಹಾಗೆ ಎನ್ನುವಂತಿಲ್ಲ. ಜೊತೆಗೆ ಕಡತದ ಹೆಸರು ಲೋಕಲ್ ಎಂದೇ ಉಳಿಯುತ್ತದೆ. ಹಾಗಾಗಿ ಡೀಮನ್ ಹೊರಗೆ ಕಳುಹಿಸುವ ಅಂಕಿಗೆ ‘ಬರಹ’ ಎಂದು ಬೇರೆ ಹೆಸರು ಕೊಟ್ಟಿದ್ದೇನೆ. ಶುರುವಾಗುವಾಗ ಅದು ಫಿಲ್ಟರ್ ಓದುತ್ತದೆ, ನಿರೀಕ್ಷಿಸಿದ ಪಟ್ಟಿ ಅಲ್ಲಿಲ್ಲದಿದ್ದರೆ ಓಡಲು ಒಪ್ಪುವುದಿಲ್ಲ.

ಅಲ್ಪಾಯುಷಿ ಕಂಟೇನರ್‌ಗಳಿಗೆ ಗುಂಪನ್ನು ಸೃಷ್ಟಿಸಿ ಅಳಿಸುವ ರೂಢಿ ನನಗೆ ಒಗ್ಗಲಿಲ್ಲ. ಗುಂಪು ಅಳಿದರೂ ಅದರ ಗುರುತು ಕೂಡಲೇ ಮರುಬಳಕೆಗೆ ಬರುವುದಿಲ್ಲ. ಆ ಹೆಸರಿನಲ್ಲಿ ಎಲ್3ಯಲ್ಲಿ ಉಳಿದ ದತ್ತಾಂಶ ಗೊತ್ತಾದ ಮಿತಿಗಿಂತ ಕೆಳಗಿಳಿಯುವವರೆಗೆ ಕರ್ನಲ್ ಅದನ್ನು ತಡೆದಿಡುತ್ತದೆ. ಗುರುತುಗಳೆಲ್ಲ ಹೀಗೆ ತಡೆಯಲ್ಲಿದ್ದಾಗ ಹೊಸ ಫೋಲ್ಡರ್ ಕೇಳಿದರೆ ‘ಬ್ಯುಸಿ’ ಎಂದು ನಿರಾಕರಿಸುತ್ತದೆ. ಈಗ ಒಂದಿಷ್ಟು ಗುಂಪುಗಳನ್ನು ಕಾಯಂ ಆಗಿ ಇಟ್ಟುಕೊಂಡು, ಥ್ರೆಡ್‌ಗಳನ್ನು ಅವುಗಳೊಳಗೆ ಹಾಕಿ, ಪ್ರತಿ ಸಲ ಹೊಸ ಬುನಾದಿ ಓದಿನಿಂದ ಲೆಕ್ಕ ಶುರುಮಾಡುತ್ತೇನೆ.