ಗೊಬ್ಬರ ಹಾಕಿದ ಮೇಲೆ ಟೊಮೆಟೊ ಕುಡಿ ಮುದುಡಿತಾ?

ಟೊಮೆಟೊ ಗಿಡದ ಕೆಳಗಿನ ಎಲೆಗಳು ಅಗಲವಾಗಿ, ಹಸಿರಾಗೇ ಇವೆ. ಕೆಟ್ಟಿರುವುದು ಕುಡಿ ಮಾತ್ರ. ಹೊಸ ಎಲೆ ಬಟ್ಟಲಿನ ಹಾಗೆ ಮಡಚಿದೆ, ತುದಿ ಜರಿಗಿಡದ ಎಳೆ ಸುರುಳಿಯಂತೆ ಸುತ್ತಿಕೊಂಡಿದೆ, ಕಾಂಡ ತಿರುಚಿದೆ. ಪಕ್ಕದ ಬೀನ್ಸ್‌ದೂ ಅದೇ ಕಥೆ. ಆದರೆ ಅದೇ ಮಡಿಯ ಮೆಕ್ಕೆಜೋಳ ಸೊಂಪಾಗಿದೆ. ಹೀಗಿದ್ದರೆ ವೈರಸ್ ರೋಗ ಅಂತ ತೀರ್ಮಾನಿಸುವ ಮೊದಲು ಗೊಬ್ಬರದ ಮೇಲೂ ಒಂದು ಅನುಮಾನ ಇರಲಿ.

ಅಮಿನೊಪೈರಾಲಿಡ್, ಕ್ಲೋಪೈರಾಲಿಡ್, ಪಿಕ್ಲೋರಾಮ್ ಎಂಬ ಕಳೆನಾಶಕಗಳನ್ನು ಹುಲ್ಲುಗಾವಲಿಗೆ ಹೊಡೆಯುತ್ತಾರೆ. ಅಗಲ ಎಲೆಯ ಕಳೆ ಸಾಯುತ್ತದೆ, ಹುಲ್ಲು ಉಳಿಯುತ್ತದೆ. ದನ, ಕುದುರೆ ಆ ಹುಲ್ಲು ತಿಂದರೂ ಔಷಧಿ ಹೊಟ್ಟೆಯಲ್ಲಿ ಜೀರ್ಣವಾಗದೆ ಸಗಣಿ, ಲದ್ದಿ, ಗಂಜಲದ ಜೊತೆ ಹೊರಬರುತ್ತದೆ. ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಬೀನ್ಸ್, ಬಟಾಣಿ, ಟೊಮೆಟೊ, ಆಲೂಗಡ್ಡೆ ತಡೆಯುವುದಿಲ್ಲ. 2008ರಲ್ಲಿ ಬ್ರಿಟನ್ನಿನ ತರಕಾರಿ ತೋಟಗಳಲ್ಲಿ ಹೀಗೇ ಆಗಿ, ಅಲ್ಲಿ ಅಮಿನೊಪೈರಾಲಿಡ್ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

‘ಚೆನ್ನಾಗಿ ಕಳಿತಿದೆ, ಏನೂ ಆಗಲ್ಲ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಔಷಧಿ ಹುಲ್ಲಿನ ಗಟ್ಟಿ ನಾರಿಗೆ ಅಂಟಿಕೊಂಡಿರುತ್ತದೆ. ಅದನ್ನು ಒಡೆಯುವುದು ಮಣ್ಣಿನ ಸೂಕ್ಷ್ಮಾಣುಗಳು. ಅವಕ್ಕೆ ಗಾಳಿ ಬೇಕು. ಒತ್ತಿ ಪೇರಿಸಿದ ತಿಪ್ಪೆಯಲ್ಲಿ ಗಾಳಿ ಎಲ್ಲಿಂದ ಬರಬೇಕು?

ಬೀನ್ಸ್ ಬಿತ್ತಿ ನೋಡಿ

ಲ್ಯಾಬ್ ಪರೀಕ್ಷೆಗೆ ಖರ್ಚು ಜಾಸ್ತಿ. ಆರು ಕುಂಡ ಸಾಕು. ಮೂರಕ್ಕೆ ಈ ಗೊಬ್ಬರ ಸೋಕದ, ನಂಬಿಕೆಯ ಕುಂಡದ ಮಣ್ಣು ತುಂಬಿ. ಉಳಿದ ಮೂರಕ್ಕೆ ಅದೇ ಮಣ್ಣಿನ ಜೊತೆ ಅಷ್ಟೇ ಅಳತೆಯ ಗೊಬ್ಬರ ಬೆರೆಸಿ. ರಾಶಿಯ ಮೇಲಿಂದ ಸುಮ್ನೆ ಒಂದು ಹಿಡಿ ಬಾಚಿದರೆ ಸಾಲದು. ನಾಲ್ಕಾರು ಕಡೆ, ಒಳಗಿನಿಂದಲೂ ತೆಗೆಯಿರಿ.

ಪ್ರತಿ ಕುಂಡಕ್ಕೂ ಎರಡು ಮೂರು ಬೀಜ ಹಾಕಿ. ಕೆಳಗಿನ ತಟ್ಟೆ ಬೇರೆ ಬೇರೆ ಇರಲಿ. ಒಂದರ ನೀರು ಇನ್ನೊಂದಕ್ಕೆ ಹೋದರೆ ಪರೀಕ್ಷೆ ಕೆಟ್ಟಂತೆ. ಮೊದಲ ಜೋಡಿ ಎಲೆ ನೋಡಿ ಸಮಾಧಾನಪಡಬೇಡಿ. ಮೂರೆಲೆಯ ಗೊಂಚಲು ಬಿಚ್ಚುವವರೆಗೆ, ಅಂದರೆ ಮೂರು ನಾಲ್ಕು ವಾರ ಕಾಯಿರಿ. ಗೊಬ್ಬರದ ಕುಂಡಗಳಲ್ಲಿ ಮಾತ್ರ ಕುಡಿ ಮುದುಡಿದರೆ ಉತ್ತರ ಸಿಕ್ಕಿತು. ಆರೂ ಮುದುಡಿದರೆ ಮಣ್ಣು ಬದಲಿಸಿ ಮತ್ತೆ ಬಿತ್ತಬೇಕು, ಬೇರೆ ದಾರಿಯಿಲ್ಲ.

ಈಗಾಗಲೇ ಹಾಕಿಬಿಟ್ಟಿದ್ದರೆ

ಮೇಲೆ ಹರಡಿದ್ದಷ್ಟೇ ಆದರೆ ಕೆರೆದು ತೆಗೆಯಿರಿ. ಮಣ್ಣಿಗೆ ಬೆರೆತಿದ್ದರೆ ಆಗಾಗ ಅಗೆದು ತಿರುವುತ್ತಿರಿ, ತೇವ ಆರದಂತೆ ನೋಡಿಕೊಳ್ಳಿ. ಬೆಚ್ಚಗಿನ ಮಣ್ಣಿನಲ್ಲಿ ಔಷಧಿ ಬೇಗ ಒಡೆಯುತ್ತದೆ, ಚಳಿಯಲ್ಲಿ ಕೆಲಸ ನಿಂತಂತೆಯೇ. ಅಲ್ಲಿಯವರೆಗೆ ಮೆಕ್ಕೆಜೋಳ ಹಾಕಬಹುದು, ಅದು ಹುಲ್ಲಿನ ಜಾತಿ ಅಲ್ವಾ? ಆದರೆ ಅದರ ದಂಟನ್ನಾಗಲಿ, ಮುದುಡಿದ ಗಿಡಗಳನ್ನಾಗಲಿ ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಔಷಧಿ ಅಲ್ಲಿಂದ ಮತ್ತೆ ಮಡಿಗೇ ಬರುತ್ತದೆ. ಮತ್ತೆ ಟೊಮೆಟೊ ನೆಡುವ ಮೊದಲು ಆ ಮಣ್ಣಿನಲ್ಲೇ ಬೀನ್ಸ್ ಬಿತ್ತಿ ನೋಡಿ.

ಉಳಿದ ರಾಶಿಯನ್ನು ಪುಕ್ಕಟೆ ಅಂತ ಇನ್ನೊಬ್ಬರಿಗೆ ದಾಟಿಸಬೇಡಿ. ಕೊಟ್ಟವರು ಒಪ್ಪಿದರೆ ಅವರ ಹುಲ್ಲುಗಾವಲಿಗೇ ವಾಪಸ್ ಹೋಗಲಿ. ಮುಂದಿನ ಸಲ ಕೊಳ್ಳುವಾಗ ‘ನೀವು ಕಳೆನಾಶಕ ಹೊಡೀತೀರಾ’ ಅಂತ ಮಾತ್ರ ಕೇಳಿದರೆ ಸಾಲದು. ‘ಇಲ್ಲ’ ಅನ್ನುವುದು ನಿಜವೇ ಇರಬಹುದು. ದನಕ್ಕೆ ಹಾಕಿದ ಒಣಹುಲ್ಲು ಯಾರ ಹೊಲದ್ದು ಅಂತ ಕೇಳಿ.