ಮಳೆಗಾಲದಲ್ಲಿ ಮಾಸ್ಕ್ ಒಣಗಿಸುವುದು ಹೀಗಲ್ಲ ಮಾರಾಯ್ರೆ

2021ರಲ್ಲಿ ಕೊರೋನಾದ ಎರಡನೇ ಅಲೆ ಬಂದ ಮಳೆಗಾಲ. ನಮ್ಮೂರ ಹುಡುಗರ ಬೈಕು ನೋಡಬೇಕಿತ್ತು. ಕನ್ನಡಿಗೊಂದು ಮಾಸ್ಕ್ ನೇತಾಡುತ್ತಿತ್ತು. ಮಳೆಗೆ ನೆನೆದು, ಕೆಸರು ಸಿಡಿದು, ಗಾಳಿಗೆ ಅರ್ಧಂಬರ್ಧ ಒಣಗಿರುತ್ತಿತ್ತು. ಪೇಟೆ ಹತ್ತಿರ ಪೊಲೀಸರು ಕಂಡರೆ ಅದನ್ನೇ ಮುಖಕ್ಕೆ ಏರಿಸುತ್ತಿದ್ದರು. ಅವರನ್ನು ದಾಟಿದ ಮೇಲೆ ಗಲ್ಲಕ್ಕೆ ಇಳಿಸುತ್ತಿದ್ದರು. ಸೊಸೈಟಿಯಲ್ಲಿ ಅಕ್ಕಿಗೆ ಸಾಲು ನಿಂತಾಗ ಮಾತಾಡಬೇಕು ಅಂದರೆ ಕೆಳಗೆ ಎಳೆದುಕೊಂಡು ಮಾತಾಡುತ್ತಿದ್ದರು. ಅಲ್ಲ, ಬಾಯಿಂದ ಬರುವುದನ್ನು ತಡೆಯಲಿಕ್ಕೆ ತಾನೇ ಅದನ್ನು ಕಟ್ಟಿಕೊಳ್ಳುವುದು? ಮಾತಾಡುವಾಗಲೇ ತೆಗೆದರೆ ಸುಮ್ಮನೆ ನಿಂತಾಗ ಯಾಕೆ ಬೇಕಿತ್ತು?

ಕೇಳಿದರೆ "ಉಸಿರು ಕಟ್ಟುತ್ತೆ ದೊಡ್ಡಮ್ಮ" ಅನ್ನುತ್ತಿದ್ದರು. ಕಟ್ಟದೆ ಏನಾಗುತ್ತದೆ? ಒದ್ದೆ ಬಟ್ಟೆಯಲ್ಲಿ ಗಾಳಿ ಸಲೀಸಾಗಿ ಆಡುವುದಿಲ್ಲ. ಉಸಿರು ಬಟ್ಟೆ ದಾಟುವ ಬದಲು ಮೂಗಿನ ಪಕ್ಕದ ಸಂದಿಯಲ್ಲಿ ಓಡಾಡುತ್ತದೆ. ಅಲ್ಲಿಗೆ ಮಾಸ್ಕ್ ಇದ್ದೂ ಇಲ್ಲದ ಹಾಗೆ. ಜೊತೆಗೆ ಬೂಸಲು ವಾಸನೆ ಬೇರೆ. ನಮ್ಮ ಮಲೆನಾಡಿನಲ್ಲಿ ಮೃಗಶಿರಾ ಮಳೆ ಹಿಡಿಯಿತು ಅಂದರೆ ಗೋಡೆಗೆ ಒರಗಿಸಿಟ್ಟ ಚಾಪೆಗೂ ಬೂಸಲು ಬರುತ್ತದೆ. ಇನ್ನು ಎಂಜಲು ತಾಗಿದ ಬಟ್ಟೆಯನ್ನು ಬಿಡುತ್ತದಾ?

ಅದರ ಹಿಂದಿನ ವರ್ಷದ ಕಥೆ ಬೇರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಅಂದಾಗ ಕಾಯಿಲೆ ಇದ್ದದ್ದು ಬೆಂಗಳೂರಿನಲ್ಲಿ, ಮತ್ತೆ ಟಿವಿಯಲ್ಲಿ. ಎಷ್ಟೋ ಊರುಗಳಲ್ಲಿ ದಾರಿಗೆ ಮರ ಅಡ್ಡ ಹಾಕಿ ಕಾವಲು ಕೂತಿದ್ದರು. 2021ರ ಏಪ್ರಿಲ್ 27ಕ್ಕೆ ರಾಜ್ಯವೆಲ್ಲ ಬಂದ್ ಅಂದ ಕೂಡಲೇ ಓದುವ ಮಕ್ಕಳು, ಕೆಲಸದ ಮಕ್ಕಳು ಬಸ್ಸು ತುಂಬಿಕೊಂಡು ಊರಿಗೆ ಬಂದರು. ಬರಲಿ, ಅವರ ಮನೆ ಅದು. ಆದರೆ ಬಂದ ವಾರದಲ್ಲೇ ಮದುವೆ, ಉಪನಯನ, ಗೃಹಪ್ರವೇಶ ಅಂತ ಓಡಾಡಿದರಲ್ಲ, ಅದನ್ನು ಏನೆನ್ನುವುದು? ಸೋಂಕು ತಾಗಿ ಲಕ್ಷಣ ಕಾಣಿಸಲಿಕ್ಕೆ ಐದಾರು ದಿನ ಬೇಕು, ಕೆಲವರಿಗೆ 14 ದಿನದವರೆಗೂ ಆಗಬಹುದು ಅಂತ ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಹೇಳಿ ಹೋಗಿದ್ದಳು. ಕೇಳಿದವರು ಯಾರು? ಆಮೇಲೆ ಆಚೆ ಮನೆಯಲ್ಲಿ ಮೂವರು ಮಲಗಿದರು, ಈಚೆ ಮನೆಯಲ್ಲಿ ಇಬ್ಬರು ಕೆಮ್ಮಿದರು.

ಜ್ವರಕ್ಕೆ ಹೆದರುವುದು ನಮಗೇನು ಹೊಸತಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಮಂಗನ ಕಾಯಿಲೆ ಗೊತ್ತಾಯಿತಲ್ಲ, ಅಲ್ಲಿಂದ ಈಚೆ ದರಗು, ಅಂದರೆ ಒಣ ಎಲೆ, ತರಲು ಕಾಡಿಗೆ ಹೋಗುವವರಿಗೆ ಅದೇ ಚಿಂತೆ. ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ. ಮೊದಲ ವಾರ ಕೈಕಾಲಿಗೆಲ್ಲ ಹಚ್ಚಿಕೊಳ್ಳುತ್ತಾರೆ. ಆಮೇಲೆ ಜಿಡ್ಡು, ವಾಸನೆ ಅಂತ ಬಾಟಲಿ ಅಟ್ಟ ಸೇರುತ್ತದೆ. ಮಾಸ್ಕಿನ ಗತಿಯೂ ಅದೇ ಆಯಿತು. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಉಣುಗಿನಿಂದ ಬರುವಂಥದ್ದು. ಕಾಡಿಗೆ ಹೋಗದೆ ಇದ್ದರೆ ಅಪಾಯ ಬಹಳ ಕಡಿಮೆ. ಕೊರೋನಾ ಹಾಗಲ್ಲ. ನಿಮ್ಮ ಮನೆ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕುವ ನೆಂಟರ ಉಸಿರಿನಲ್ಲೇ ಬರುತ್ತದೆ.

ಇದಕ್ಕೆ ನಮ್ಮ ಜನ ಮಾಡುವ ಉಪಾಯ ಏನು? ಕಷಾಯ. ಬೆಳಿಗ್ಗೆ ಕಷಾಯ, ಮಧ್ಯಾಹ್ನ ಕಷಾಯ, ರಾತ್ರಿ ಮತ್ತೆ ಕಷಾಯ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು ಹಾಕಿದ ಕಷಾಯ ನನಗೂ ಇಷ್ಟ. ಗಂಟಲಿಗೆ ಹಿತ. ಆದರೆ ಕಷಾಯ ಕುಡಿದವನಿಗೆ ಕಾಯಿಲೆ ತಾಗುವುದಿಲ್ಲ ಅಂತ ಯಾರು ಹೇಳಿದ್ದು? ಹೊಟ್ಟೆ ಉರಿ ಬಂದೀತು ಅಷ್ಟೆ. ಇನ್ನು ಕೆಲವರು ಮನೆಮಂದಿಯೆಲ್ಲ ಒಂದೇ ಪಾತ್ರೆ ಸುತ್ತ ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುತ್ತಾರೆ. ಒಬ್ಬನಿಗೆ ಇದ್ದದ್ದು ಎಲ್ಲರಿಗೂ ಬರಲಿ ಅಂತಲಾ? ಚಿಕ್ಕ ಮಕ್ಕಳನ್ನಂತೂ ಕುದಿಯುವ ನೀರಿನ ಹತ್ತಿರ ಕೂರಿಸಲೇಬೇಡಿ.

ಸರಿ, ಮಾಸ್ಕಿಗೆ ಬರುತ್ತೇನೆ. ಮನೆಯಲ್ಲಿ ಹೊಲಿಯುವುದಾದರೆ ಹತ್ತಿ ಬಟ್ಟೆಯಲ್ಲಿ ಮೂರು ಪದರ ಇರಬೇಕು. ಹಳೇ ಪಂಚೆ ಬೇಡ, ಅದು ಸವೆದು ಜಾಳಾಗಿರುತ್ತದೆ. ಒತ್ತಾಗಿ ನೇಯ್ದ ಬೆಡ್‌ಶೀಟ್ ಬಟ್ಟೆ ಆಗುತ್ತದೆ. ಕಿಟಕಿಗೆ ಅಡ್ಡ ಹಿಡಿದು ನೋಡಿ. ಸರಳು ಸ್ಪಷ್ಟವಾಗಿ ಕಂಡರೆ ಆ ಬಟ್ಟೆ ಬೇಡ. ಎಲಾಸ್ಟಿಕ್ ಹಾಕಬೇಡಿ, ಲಾಡಿ ಹಾಕಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಒಬ್ಬೊಬ್ಬರಿಗೆ ಮೂರಾದರೂ ಇರಲಿ. ಮುಖಕ್ಕೆ ಒಂದು, ಒಲೆ ಹತ್ತಿರ ಒಂದು, ಒಣಗಿ ಮಡಚಿಟ್ಟದ್ದು ಒಂದು.

ಹೊರಗಿನಿಂದ ಬಂದ ಕೂಡಲೇ ಮಾಸ್ಕನ್ನು ಮೇಜಿನ ಮೇಲೆ, ಟಿವಿ ಮೇಲೆ, ದೇವರ ಮನೆ ಬಾಗಿಲ ಮೊಳೆಗೆ ಸಿಕ್ಕಿಸುವುದು ಬೇಡ. ಲಾಡಿಯಲ್ಲೇ ಹಿಡಿದು ಸೀದಾ ಬಚ್ಚಲಿಗೆ ಹೋಗಿ. ಒಂದು ಹಳೇ ಪಾತ್ರೆ ಅದಕ್ಕೇ ಅಂತ ಇಡಿ. ಹಂಡೆಯಿಂದ ಕೈ ಸುಡುವಷ್ಟು ಬಿಸಿನೀರು ತೋಡಿ, ಬಟ್ಟೆ ಸೋಪು ಕದಡಿ, ಅದರಲ್ಲಿ ಮುಳುಗಿಸಿ. ಆಮೇಲೆ ನಿಮ್ಮ ಕೈಗೆ ಸೋಪು ಹಚ್ಚಿ, ಬೆರಳ ಸಂದಿ, ಹೆಬ್ಬೆರಳು, ಉಗುರು ಎಲ್ಲ ಉಜ್ಜಿ. 20 ಸೆಕೆಂಡ್ ಅಂತಾರೆ, ನನಗೆ ಗಡಿಯಾರ ನೋಡಿ ಕೈ ತೊಳೆದು ಗೊತ್ತಿಲ್ಲ. ಅಡಿಕೆ ಚೊಗರು ಹತ್ತಿದ ಕೈಯನ್ನು ಹೇಗೆ ತೊಳೆಯುತ್ತೀರೋ ಹಾಗೆ ತೊಳೆದರೆ ಆಯಿತು. ಈ ವೈರಸ್ಸಿನ ಹೊರ ಪೊರೆ ಕೊಬ್ಬಿನದು. ಸೋಪು ತಾಗಿದರೆ ಪೊರೆ ಒಡೆದು ವೈರಸ್ಸು ಕೆಲಸಕ್ಕೆ ಬಾರದ್ದಾಗುತ್ತದೆ. ಹಾಗಾಗಿ ಮನೆಯಲ್ಲಿ ಸೋಪು ನೀರು ಇರುವಾಗ ಸ್ಯಾನಿಟೈಸರಿಗೆ ದುಡ್ಡು ಸುರಿಯಬೇಡಿ. ಅದು ಬಸ್ಸಿಗೆ, ಬ್ಯಾಂಕಿಗೆ ಹೋಗುವವರಿಗೆ ಇರಲಿ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಸೀದಾ ಒಲೆಗೆ ಬೆಂಕಿ ಹಾಕಲು ಹೋಗುವ ಜಾಣೆಯರೂ ಇದ್ದಾರೆ. ಅದು ಸ್ಪಿರಿಟ್ಟು ಕಣ್ರೆ, ಹೊತ್ತಿಕೊಳ್ಳುತ್ತದೆ!

ಕಾಫಿ ಕುಡಿದು ಬರುವಷ್ಟು ಹೊತ್ತು ಮಾಸ್ಕ್ ನೆನೆಯಲಿ. ಆಮೇಲೆ ತಿಕ್ಕಿ. ಒಗೆಯುವ ಕಲ್ಲಿಗೆ ಬಡಿಯಬೇಡಿ, ನೂಲು ಸಡಿಲವಾಗುತ್ತದೆ. ನೊರೆ ಪೂರಾ ಹೋಗುವವರೆಗೆ ಜಾಲಿಸಿ, ಇಲ್ಲದಿದ್ದರೆ ಮೂಗಿನ ಮೇಲೆ ತುರಿಕೆ ಏಳುತ್ತದೆ. ಘಮಘಮ ಅಂತ ಬರುವ ಆ ಕಂಫರ್ಟ್ ನೀರನ್ನು ಹಾಕಲೇಬೇಡಿ. ಹಿಂಡುವುದೂ ಬೇಡ. ಒಣಗಿದ ಬೈರಾಸಿನ, ಅಂದರೆ ಟವೆಲಿನ, ಮೇಲೆ ಹರಡಿ, ಬೈರಾಸನ್ನು ಸುರುಳಿ ಸುತ್ತಿ, ಮೇಲಿನಿಂದ ಅಂಗೈಯಲ್ಲಿ ಒತ್ತಿ. ಅರ್ಧ ನೀರು ಅಲ್ಲೇ ಹೋಗುತ್ತದೆ.

ಒಣಗಿಸುವುದೇ ನಿಜವಾದ ಕೆಲಸ. ಬಿಸಿಲು ಇದ್ದ ದಿನ ಏನೂ ಕಷ್ಟವಿಲ್ಲ, ಆದರೆ ನಮಗೆ ದೀಪಾವಳಿವರೆಗೆ ಬಿಸಿಲೆಲ್ಲಿ? ಹೆಂಗಸರು ಏನು ಮಾಡುತ್ತಾರೆ ಅಂದರೆ ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಎಲ್ಲ ಬಟ್ಟೆ ಜೊತೆ ಇದನ್ನೂ ಎಸೆಯುತ್ತಾರೆ. ಹೊಗೆ ಕುಡಿದ ಮಾಸ್ಕ್ ಕಟ್ಟಿಕೊಂಡು ದಿನವಿಡೀ ಕೆಮ್ಮಿದರೆ ನೋಡಿದವರು ಕೊರೋನಾ ಅಂತ ದೂರ ಓಡುವುದಿಲ್ಲವಾ? ನನ್ನ ಅತ್ತೆ ಬಾಣಂತಿ ಕೋಣೆಯಲ್ಲಿ ಕೂಸಿನ ಬಟ್ಟೆ ಒಣಗಿಸುತ್ತಿದ್ದ ಕ್ರಮ ಇದಕ್ಕೆ ಸರಿಯಾಗಿ ಹೊಂದುತ್ತದೆ. ನನ್ನ ಮಕ್ಕಳು ಆಷಾಢದಲ್ಲಿ ಹುಟ್ಟಿದವರು. ಆಗೆಲ್ಲ ಡೈಪರ್ ಇರಲಿಲ್ಲ, ದಿನಕ್ಕೆ ರಾಶಿ ಬಟ್ಟೆ. ಅತ್ತೆ ಒಂದು ಬಟ್ಟೆಯನ್ನೂ ಹಸಿ ಇಟ್ಟವರಲ್ಲ, ಹೊಗೆ ವಾಸನೆಯೂ ಬರಬಿಡುತ್ತಿರಲಿಲ್ಲ.

ಹಂಡೆ ಒಲೆಯ ಬೆಂಕಿ ಪೂರಾ ಇಳಿದು ನಿಗಿನಿಗಿ ಕೆಂಡವಾಗಬೇಕು. ಹಸಿ ಸೌದೆಯ ಕೆಂಡ ಬೇಡ, ಅದು ಕೊನೆವರೆಗೂ ಹೊಗೆಯಾಡುತ್ತಲೇ ಇರುತ್ತದೆ. ಆಳ ಇರುವ ಕಬ್ಬಿಣದ ಬಾಣಲೆಗೆ ಒಂದೆರಡು ಸವುಟು ಕೆಂಡ ತೆಗೆದು, ಮೇಲೆ ತೆಳ್ಳಗೆ ಬೂದಿ ಉದುರಿಸಿ. ಬೂದಿ ಹಾಕಿದರೆ ಕಾವು ಮೃದುವಾಗುತ್ತದೆ, ಕಿಡಿ ಹಾರುವುದಿಲ್ಲ. ಅದರ ಮೇಲೆ ಹೆಡಿಗೆ, ಅಂದರೆ ಬಿದಿರಿನ ಬುಟ್ಟಿ, ಕವುಚಿ. ಕೆಂಡಕ್ಕೂ ಹೆಡಿಗೆಗೂ ನಡುವೆ ಮೊಳದಷ್ಟಾದರೂ ಜಾಗ ಇರಬೇಕು. ಹೆಡಿಗೆ ಮೇಲೆ ಕೈಯಿಟ್ಟು ನೋಡಿ. ಹಾಯಾಗಿ ಬೆಚ್ಚಗಿರಬೇಕು, ಕೈ ಹಿಂದಕ್ಕೆ ಎಳೆದುಕೊಳ್ಳುವ ಹಾಗಿದ್ದರೆ ಇನ್ನಷ್ಟು ಬೂದಿ ಹಾಕಿ. ಆಮೇಲೆ ಮಾಸ್ಕುಗಳನ್ನು ಒಳಮೈ ಕೆಳಗೆ ಮಾಡಿ ಒಂದರ ಮೇಲೊಂದು ಬರದ ಹಾಗೆ ಹರಡಿ, ಲಾಡಿ ಕೆಳಗೆ ಇಳಿಬೀಳದಂತೆ ಮೇಲಕ್ಕೆ ಎತ್ತಿಡಿ. ಎಲಾಸ್ಟಿಕ್ ಆಗಿದ್ದರೆ ಈ ಕಾವಿಗೆ ನಾಲ್ಕು ದಿನದಲ್ಲಿ ಜೋತುಬೀಳುತ್ತದೆ, ಅದಕ್ಕೇ ಬೇಡ ಅಂದದ್ದು. ನಡುವೆ ಒಮ್ಮೆ ಮಗುಚಿ. ಹೆಡಿಗೆ ಹತ್ತಿರವೇ ಇರಿ, ಮೊಬೈಲ್ ಹಿಡಿದುಕೊಂಡು ಜಗಲಿಗೆ ಹೋಗಬೇಡಿ. ಬಾಗಿಲು, ಕಿಟಕಿ ತೆಗೆದೇ ಇರಲಿ. ಕೆಂಡದ ಗಾಳಿ ಮುಚ್ಚಿದ ಕೋಣೆಯಲ್ಲಿ ವಿಷ, ವಾಸನೆಯೂ ಬಾರದೆ ಜೀವ ತೆಗೆಯುತ್ತದೆ.

ಒಣಗಿತು ಅಂತ ಹೇಗೆ ಗೊತ್ತಾಗಬೇಕು? ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಬಿಸಿ ಇರುವ ಬಟ್ಟೆ ಯಾವಾಗಲೂ ಒಣಗಿದ ಹಾಗೇ ಅನಿಸುತ್ತದೆ. ತಣ್ಣಗಿನ ಸ್ಟೀಲ್ ತಟ್ಟೆ ತೆಗೆದುಕೊಂಡು, ಹೆಡಿಗೆಯಿಂದ ತೆಗೆದ ಬಿಸಿ ಮಾಸ್ಕನ್ನು ಅದರ ಮೇಲೆ ಇಟ್ಟು, ಹೊಲಿಗೆ ಇರುವಲ್ಲಿ ಬೆರಳಲ್ಲಿ ಒತ್ತಿ ಹಿಡಿಯಿರಿ. ನಿಧಾನಕ್ಕೆ ಎತ್ತಿ ನೋಡಿ. ತಟ್ಟೆ ಬೆವರಿದ್ದರೆ ಒಳಗೆ ಪಸೆ ಇದೆ ಅಂತಲೇ ಅರ್ಥ. ಮತ್ತೆ ಹೆಡಿಗೆಗೆ ಹಾಕಿ. ಮೂರು ಪದರ ಕೂಡುವ ಆ ಹೊಲಿಗೆ ಕೊನೆಗೆ ಒಣಗುವುದು, ಬೂಸಲು ಮೊದಲು ಹಿಡಿಯುವುದೂ ಅಲ್ಲೇ. ತಟ್ಟೆ ಬೆವರದೆ ಹೊಳೆಯುತ್ತಿದ್ದರೆ ಆಯಿತು, ಪೂರಾ ಆರಿದ ಮೇಲೆ ಮಡಚಿ ಕಾಗದದ ಕೊಟ್ಟೆಯಲ್ಲಿ, ಅಂದರೆ ಚೀಲದಲ್ಲಿ, ಇಡಿ. ಪ್ಲಾಸ್ಟಿಕ್ ಕೊಟ್ಟೆ ಬೇಡ. ಸೊಸೆ ಮೊದಮೊದಲು ನಕ್ಕಳು, "ಇಸ್ತ್ರಿ ಪೆಟ್ಟಿಗೆ ಇದೆಯಲ್ಲ ಅತ್ತೆ" ಅಂದಳು. ಇದೆ. ಕರೆಂಟ್ ಎಲ್ಲಿದೆ? ಆರಿದ್ರಾ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮೂರು ದಿನ ಕತ್ತಲೆ. ಕರೆಂಟ್ ಇದ್ದ ದಿನ ಇಸ್ತ್ರಿ ಹಾಕಿ, ಬೇಡ ಅನ್ನುವುದಿಲ್ಲ. ಆದರೂ ತಟ್ಟೆಗೆ ಒತ್ತಿ ನೋಡಿ.

ಇದೇ ಮಾತು ಉಪ್ಪಿನಕಾಯಿ ಭರಣಿಯ ಬಾಯಿಬಟ್ಟೆಗೂ. ಮಾವಿನ ಮಿಡಿ ಹಾಕುವಾಗ ಮುತುವರ್ಜಿಯಿಂದ ಹಾಕುತ್ತಾರೆ, ಆಮೇಲೆ ಅರೆಬರೆ ಒಣಗಿದ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸುತ್ತಾರೆ. ಶ್ರಾವಣಕ್ಕೆ ಬಿಚ್ಚಿದರೆ ಮೇಲೆಲ್ಲ ಬಿಳಿ ಬೂಸಲು. ಅಪ್ಪೆಮಿಡಿಗೆ ಈಗ ಎಷ್ಟು ರೇಟು ಅಂತ ಗೊತ್ತಾ?

ಅಂಗಡಿಯಲ್ಲಿ ಸಿಗುವ ನೀಲಿ ಮಾಸ್ಕನ್ನು ಒಗೆಯಬೇಡಿ, ಹೆಡಿಗೆ ಮೇಲೂ ಇಡಬೇಡಿ. ಒಮ್ಮೆ ಹಾಕಿ ಬಿಸಾಡುವಂಥದ್ದು ಅದು. ಬಿಸಾಡುವುದು ಅಂದರೆ ತೋಟಕ್ಕಲ್ಲ, ದನ ತಿನ್ನುತ್ತವೆ. ಲಾಡಿ ಕತ್ತರಿಸಿ, ಮುಚ್ಚಿದ ಬುಟ್ಟಿಗೆ ಹಾಕಿ. ಎನ್-95 ಇದ್ದವರು ಅದನ್ನೂ ನೀರಿಗೆ ಹಾಕಬೇಡಿ. ನಾಲ್ಕೈದು ಇದ್ದರೆ ದಿನಕ್ಕೊಂದು ಹಾಕಿ, ಉಳಿದವನ್ನು ಕಾಗದದ ಕೊಟ್ಟೆಯಲ್ಲಿ ಗಾಳಿಯಾಡುವಲ್ಲಿ ನೇತುಹಾಕಿ.

ಯಾರಿಗಾದರೂ ಜ್ವರ ಬಂದರೆ "ಮಳೆಯಲ್ಲಿ ನೆನೆದದ್ದು" ಅಂತ ಮುಚ್ಚಿಡುವುದು ಬೇಡ. ನಮ್ಮಲ್ಲಿ ಮಳೆಗಾಲಕ್ಕೆ ಡೆಂಗಿಯೂ ಬರುತ್ತದೆ, ಇಲಿ ಜ್ವರವೂ ಬರುತ್ತದೆ. ಟೆಸ್ಟ್ ಮಾಡಿಸದೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ಡಾಕ್ಟರು ಮನೆಯಲ್ಲೇ ಇರಿ ಅಂದರೆ, ಜ್ವರ ಬಂದವರಿಗೆ ಹೊರಗಿನ ಕೋಣೆ ಕೊಡಿ. ಕಿಟಕಿ ತೆಗೆಯಿರಿ. ಮಲೆನಾಡಿನವರಿಗೆ ಇದನ್ನು ಹೇಳಿದರೆ ಜಗಳಕ್ಕೇ ಬರುತ್ತಾರೆ, ಥಂಡಿ ಆಗುತ್ತದಂತೆ. ಇನ್ನೊಂದು ಕಂಬಳಿ ಹೊದೆಸಿ, ಕಿಟಕಿ ಮಾತ್ರ ಹಾಕಬೇಡಿ. ಊಟವನ್ನು ಬಾಗಿಲಾಚೆ ಸ್ಟೂಲ್ ಮೇಲೆ ಇಟ್ಟು ಹಿಂದೆ ಸರಿಯಿರಿ. ಗಂಜಿಗೆ ಉಪ್ಪು ಚೆನ್ನಾಗಿ ಬೀಳಲಿ, ಜೊತೆಗೆ ಒಂದು ಮಿಡಿ ಇಡಿ. ಅವರ ತಟ್ಟೆ ಲೋಟ ಬೇರೆ, ಬಿಸಿನೀರು ಸೋಪಿನಲ್ಲಿ ತೊಳೆದರೆ ಸಾಕು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂದಿದ್ದರೆ ನೋಡುವ ಕ್ರಮ ತಿಳಿದುಕೊಳ್ಳಿ. ಬಚ್ಚಲಿಂದ ಬಂದ ತಣ್ಣನೆ ಕೈಗೆ ಸಿಕ್ಕಿಸಿ "ಅಯ್ಯೋ 88" ಅಂತ ಮನೆಯೆಲ್ಲ ಅಳುವುದಲ್ಲ. ಕೈ ಉಜ್ಜಿ ಬೆಚ್ಚಗೆ ಮಾಡಿ, ಸ್ವಲ್ಪ ಹೊತ್ತು ಸುಮ್ನೆ ಕೂತು, ಉಗುರಿನ ಬಣ್ಣ, ಮದರಂಗಿ ಇಲ್ಲದ ಬೆರಳಿಗೆ ಹಾಕಿ. ಆಗಲೂ 94ಕ್ಕಿಂತ ಕಡಿಮೆ ತೋರಿಸಿದರೆ ಕಷಾಯ ಕಾಯಿಸುತ್ತಾ ಕೂರಬೇಡಿ, ಡಾಕ್ಟರಿಗೆ ಫೋನ್ ಮಾಡಿ. ತಾಲ್ಲೂಕು ಆಸ್ಪತ್ರೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದರೆ ನಮ್ಮ ಘಟ್ಟದ ರಸ್ತೆಯಲ್ಲಿ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತಲ್ಲ. ಪಕ್ಕದ ಮನೆಯವರು ಕೊಟ್ಟ ಮಾತ್ರೆ ಅಂತ ಸ್ಟೀರಾಯ್ಡ್ ನುಂಗಬೇಡಿ. ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರು. ಕಪ್ಪು ಶಿಲೀಂಧ್ರ ಅಂತ 2021ರಲ್ಲಿ ದಿನಾ ಕೇಳುತ್ತಿದ್ದೆವಲ್ಲ, ಅದು ಜಾಸ್ತಿ ಹಿಡಿಯುವುದು ಅಂಥವರಿಗೇ.

ಸೋಂಕು ಬಂದ ಮನೆಯವರನ್ನು ಕಂಡು ಬಾಗಿಲು ಹಾಕಿಕೊಳ್ಳುವವರಿಗೂ ಒಂದು ಮಾತು. ದಣಪೆ, ಅಂದರೆ ಅಂಗಳದ ಗೇಟು, ಅದರ ಹತ್ತಿರ ಒಂದು ಸೌತೆಕಾಯಿ, ಒಂದು ತಂಬಿಗೆ ಹಾಲು ಇಟ್ಟು ಕೂಗಿ ಬಂದರೆ ನಿಮಗೇನೂ ಆಗುವುದಿಲ್ಲ. ಅವರ ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕುವವರು ಯಾರು ಅಂತಲೂ ಕೇಳಿ.

ಮತ್ತೆ ಲಸಿಕೆ. 45 ದಾಟಿದವರಿಗೆ 2021ರ ಏಪ್ರಿಲ್‌ನಿಂದ ಕೊಟ್ಟರು, ಆಗಲೂ "ನೋಡುವಾ" ಅನ್ನುತ್ತಾ ಕೂತವರಿದ್ದರು. ಮೊದಲನೇದು ಕೋವಿಶೀಲ್ಡ್ ಆಗಿದ್ದರೆ ಎರಡನೇದಕ್ಕೆ ಆ ವರ್ಷದ ಮೇ ತಿಂಗಳಲ್ಲಿ 12ರಿಂದ 16 ವಾರ ಅಂತರ ಹೇಳಿದ್ದರು. ಲಸಿಕೆಗೆ ತಾರೀಕು ಹೇಳಿದರೆ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆಧಾರ್ ಕಾರ್ಡನ್ನು ಅದರ ಹಿಂದೆಯೇ ಸಿಕ್ಕಿಸಿಡಿ. ಹೋಗುವ ದಿನ ತೋಳು ಸಲೀಸಾಗಿ ಮೇಲೆ ಸರಿಯುವ ರವಿಕೆ ಹಾಕಿಕೊಳ್ಳಿ, ನರ್ಸಮ್ಮನಿಗೆ ಬೇರೆ ಕೆಲಸವೂ ಇರುತ್ತದೆ.